ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ಇನ್ನು ಮುಂದೆ ನಮ್ಮ ಮೈಸೂರಿನಲ್ಲೂ ಅಟ್ಟದ ಮೇಲಿನ, ಬೀರುವಿನ ತಳದ ಹಳೆಯ ಲ್ಯಾಪ್‌ಟಾಪ್‌ಗಳು ಒಂದೊಂದಾಗಿ ಹೊರಬಿದ್ದು ಇ-ತ್ಯಾಜ್ಯದ ಚೀಲ ಸೇರಲಿವೆ. ಅವುಗಳ ನಡುವೆ ಥಿಂಕ್‌ಪ್ಯಾಡ್ ಎಂಬ ಜಾತಿಯ ಪುಟ್ಟ ಯಂತ್ರಗಳಿವೆ. ಅವನ್ನು ಇಡಿಯಾಗಿ ಪುಡಿಮಾಡಲು ಕೊಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಕಾರಣ ಇಷ್ಟೇ: ಈ ಯಂತ್ರಗಳ ಮೈ, ಮುಚ್ಚಳ, ಹಿಂಜ್‌ಗಳನ್ನು ಈಗ ಯಾರೂ ಹೊಸದಾಗಿ ಮಾಡುತ್ತಿಲ್ಲ. ಬದುಕಿರುವ ಒಂದು ಯಂತ್ರಕ್ಕೆ ಬಿಡಿಭಾಗ ಬೇಕೆಂದರೆ ಕೆಟ್ಟುಹೋದ ಇನ್ನೊಂದರಿಂದಲೇ ತೆಗೆಯಬೇಕು.

ಹೇಳುತ್ತಿರುವುದು ಮುಖ್ಯವಾಗಿ ಥಿಂಕ್‌ಪ್ಯಾಡ್ ಎಕ್ಸ್60 (2006) ಮತ್ತು ಎಕ್ಸ್61 (2007) ಬಗ್ಗೆ. ಐಬಿಎಂನ ಕಂಪ್ಯೂಟರ್ ವಿಭಾಗವನ್ನು ಲೆನೊವೊ 2005ರಲ್ಲಿ ಕೊಂಡ ಹೊಸತರಲ್ಲಿ ಬಂದವು ಇವು. 12.1 ಇಂಚಿನ, 1024×768 ಚುಕ್ಕಿಗಳ, ಹಳೆಯ ಟಿವಿಯಂತೆ 4:3 ಅಳತೆಯ ಪರದೆ. ಏಳು ಸಾಲಿನ ಪೂರ್ಣ ಕೀಬೋರ್ಡ್. ಟಚ್‌ಪ್ಯಾಡ್ ಇಲ್ಲ, ಜಿ, ಎಚ್, ಬಿ ಕೀಲಿಗಳ ನಡುವೆ ಕುಂಕುಮದ ಬೊಟ್ಟಿನಂಥ ಕೆಂಪು ಗುಬುಟು, ಅದನ್ನು ಬೆರಳಿನಿಂದ ಒತ್ತಿದತ್ತ ಬಾಣ ಓಡುತ್ತದೆ. ಮರುವರ್ಷ, 2008ರಲ್ಲಿ, ಬಂದ ಎಕ್ಸ್200ರಿಂದ ಪರದೆ ಅಗಲವಾಯಿತು. ಈ ಗಾತ್ರದ ಈ ಕಟ್ಟು ಅಲ್ಲಿಗೆ ಮುಗಿಯಿತು. ತೋಷಿಬಾ ಲಿಬ್ರೆಟ್ಟೊ (1996), ಏಸಸ್ ಈಪಿಸಿ 701 (2007) ಮುಂತಾದ ಇನ್ನೂ ಸಣ್ಣ ಯಂತ್ರಗಳಿಗೂ ಅಭಿಮಾನಿಗಳಿದ್ದಾರೆ. ಆದರೆ ದಿನದ ಕೆಲಸಕ್ಕೆ ಇಂದಿಗೂ ಒದಗುವುದು ಥಿಂಕ್‌ಪ್ಯಾಡ್‌ಗಳೇ.

ಇವುಗಳನ್ನು ಪ್ರೀತಿಸುವವರು ಎಷ್ಟು ದೂರ ಹೋಗಿದ್ದಾರೆ ಎಂಬುದಕ್ಕೆ ಒಂದೇ ನಿದರ್ಶನ ಸಾಕು. ಚೀನಾದ 51ಎನ್‌ಬಿ ಎಂಬ ಹವ್ಯಾಸಿಗಳ ಬಳಗ ಎಕ್ಸ್60, ಎಕ್ಸ್61ರ ಮೈಯೊಳಗೆ ಸರಿಯಾಗಿ ಕೂರುವಂತೆ ಇಂಟೆಲ್‌ನ ಐದನೇ ತಲೆಮಾರಿನ ಪ್ರೊಸೆಸರ್ ಇರುವ ಹೊಸ ಮದರ್‌ಬೋರ್ಡನ್ನೇ (ಎಲ್ಲ ಭಾಗಗಳೂ ಕೂರುವ ಮುಖ್ಯ ಬೋರ್ಡ್) ವಿನ್ಯಾಸ ಮಾಡಿತು. ಅದರ ಹೆಸರು ಎಕ್ಸ್62. ಆಮೇಲೆ ಎಕ್ಸ್200, ಎಕ್ಸ್201ರ ಮೈಗೆ ಎಂಟನೇ ತಲೆಮಾರಿನ ಎಕ್ಸ್210 ಬಂತು. ಅಂದರೆ ಮದರ್‌ಬೋರ್ಡ್ ಸತ್ತರೂ ಯಂತ್ರ ಸಾಯಬೇಕಿಲ್ಲ. ಆದರೆ ಬೋರ್ಡ್ ಮಾಡಿದವರು ಮೈ ಮಾಡಲಿಲ್ಲ. ಮುಚ್ಚಳ, ಹಿಂಜ್, ಕೊಕ್ಕೆ, ಕೀಬೋರ್ಡ್, ಅಂಗೈ ಊರುವ ತಟ್ಟೆ ಎಲ್ಲವೂ ಹಳೆಯ ಯಂತ್ರದಿಂದಲೇ ಬರಬೇಕು. ಗುಜರಿಯಲ್ಲಿ ಸುತ್ತಿಗೆ ಏಟಿಗೆ ಮೊದಲು ಚೂರಾಗುವುದು ಇವೇ.

ಯಂತ್ರ ಯಾವುದೆಂದು ತಿಳಿಯಲು ತಿರುಗಿಸಿ ತಳದ ಚೀಟಿ ನೋಡಿ. ಟೈಪ್ 1706 ಎಂದಿದ್ದರೆ ಎಕ್ಸ್60, 7673 ಅಥವಾ 7675 ಎಂದಿದ್ದರೆ ಎಕ್ಸ್61. ಬೇರೆ ಅಂಕಿಗಳೂ ಇವೆ. ಮುಚ್ಚಳ ತೆರೆದರೆ ಪರದೆಯ ಚೌಕಟ್ಟಿನ ಮೇಲೆಯೇ ಮಾದರಿಯ ಹೆಸರು ಅಚ್ಚಾಗಿರುತ್ತದೆ. ಎಕ್ಸ್60ರಲ್ಲಿ ಪ್ರೊಸೆಸರ್ ಯಾವುದೆಂದು ನೋಡುವುದು ಮುಖ್ಯ, ಯಾವ ಲಿನಕ್ಸ್ ಹಾಕಬಹುದು ಎಂಬುದು ಅದರ ಮೇಲೆ ನಿಂತಿದೆ. ಟಿ2300, ಟಿ2400ರಂಥ ಕೋರ್ ಡ್ಯುಯೊ ಆಗಿದ್ದರೆ ಅದು 32 ಬಿಟ್. ಟಿ5500, ಟಿ5600, ಟಿ7200 ಆಗಿದ್ದರೆ ಕೋರ್ 2 ಡ್ಯುಯೊ, 64 ಬಿಟ್. ಎಕ್ಸ್61 ಎಲ್ಲವೂ 64 ಬಿಟ್.

ಬಿಚ್ಚುವುದು ಕಷ್ಟವಲ್ಲ. ತಳದ ಸ್ಕ್ರೂಗಳ ಪಕ್ಕದಲ್ಲಿ ಸಣ್ಣ ಚಿತ್ರಗಳಿವೆ. ಕೀಬೋರ್ಡ್ ಚಿತ್ರವಿರುವವನ್ನು ತೆಗೆದರೆ ಕೀಬೋರ್ಡ್ ಸಡಿಲವಾಗುತ್ತದೆ. ಕಂಪನಿಯೇ ಬಿಟ್ಟಿರುವ ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್‌ನಲ್ಲಿ ಯಾವ ತೂತಿಗೆ ಎಷ್ಟು ಉದ್ದದ ಸ್ಕ್ರೂ ಎಂಬುದೂ ಇದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಚಿಕ್ಕ ಸ್ಕ್ರೂ ಇರಬೇಕಾದ ಕಡೆ ಉದ್ದದ್ದನ್ನು ತಿರುಪಿದರೆ ಅದು ಮೇಲಿನ ತಟ್ಟೆಯನ್ನು ಉಬ್ಬಿಸುತ್ತದೆ, ಇಲ್ಲವೇ ಬೋರ್ಡಿಗೆ ತಾಗುತ್ತದೆ. ದಪ್ಪ ರಟ್ಟಿನ ಮೇಲೆ ಯಂತ್ರದ ತಳದ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಚುಚ್ಚಿಟ್ಟರೆ ಗೊಂದಲವೇ ಇಲ್ಲ. ಬಿಚ್ಚುವ ಮೊದಲು ಚಾರ್ಜರ್ ಮತ್ತು ಬ್ಯಾಟರಿ ತೆಗೆದು ಪವರ್ ಗುಂಡಿಯನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ. ಕೀಬೋರ್ಡನ್ನು ಎತ್ತುವಾಗ ಸರಕ್ಕನೆ ಎಳೆಯಬಾರದು. ಅಡಿಯಲ್ಲಿ ಪಟ್ಟಿ ಕೇಬಲ್ ಇದೆ.

‘ಪರದೆ ಹೋಗಿದೆ’ ಎಂದು ಎಸೆಯುವ ಯಂತ್ರಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಿಜವಾಗಿ ಪರದೆಯೇ ಹೋಗಿರುವುದು ಕಡಿಮೆ. ಆ ಕಾಲದ ಈ ಪರದೆಗಳ ಹಿಂದೆ ಎಲ್‌ಇಡಿ ಇಲ್ಲ. ಕೆಳಅಂಚಿನಲ್ಲಿ ಪೆನ್ಸಿಲ್ ಸೀಸದಷ್ಟೇ ದಪ್ಪದ ಒಂದು ಟ್ಯೂಬ್‌ಲೈಟ್ ಇದೆ. ಅದನ್ನು ಉರಿಸಲು ಪಕ್ಕದಲ್ಲಿ ಇನ್ವರ್ಟರ್ ಎಂಬ ಕಡ್ಡಿಯಂಥ ಬೋರ್ಡ್. ಪರದೆ ಕಪ್ಪಗಿದ್ದರೆ ಯಂತ್ರ ಆನ್ ಮಾಡಿ, ಕೋಣೆ ಕತ್ತಲು ಮಾಡಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಮಸುಕಾಗಿ ಅಕ್ಷರ ಕಂಡರೆ ಪರದೆ ಚೆನ್ನಾಗಿದೆ, ಹೋಗಿರುವುದು ಬೆಳಕು. ಆನ್ ಮಾಡಿದಾಗ ಮೊದಲು ಕೆಂಪು ಛಾಯೆ ಬಂದು ನಿಧಾನಕ್ಕೆ ಬೆಳ್ಳಗಾದರೆ ಟ್ಯೂಬ್‌ನ ಆಯಸ್ಸು ಮುಗಿಯುತ್ತಿದೆ. ಒಂದೆರಡು ಸೆಕೆಂಡ್ ಹೊತ್ತಿ ತಟ್ಟನೆ ಆರಿದರೆ ಇನ್ವರ್ಟರ್ ಅಥವಾ ಟ್ಯೂಬ್ ಎರಡರಲ್ಲೊಂದು. ಚೆನ್ನಾಗಿರುವ ಇನ್ವರ್ಟರ್ ಹಾಕಿ ನೋಡಿದರೆ ತಿಳಿಯುತ್ತದೆ. ಕೆಟ್ಟ ಯಂತ್ರವೊಂದನ್ನು ಉಳಿಸಿಕೊಂಡಿದ್ದರೆ ಆ ಇನ್ವರ್ಟರ್ ಕೈಯಲ್ಲೇ ಇರುತ್ತದೆ. ಬೆಳಕು ಒಮ್ಮೆಯೂ ಮಿಣುಕದಿದ್ದರೆ ಮದರ್‌ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸನ್ನು ಮಲ್ಟಿಮೀಟರ್ ಇಟ್ಟು ನೋಡಿ. ಬ್ಯಾಟರಿ ಇರುವಾಗಲೇ ಪರದೆಯ ಕೇಬಲ್ ಕಿತ್ತು ಹಾಕಿದವರ ಕೈಯಲ್ಲಿ ಇದು ಸುಡುತ್ತದೆ. ಅಕ್ಕಿ ಕಾಳಿನ ಕಾಲು ಭಾಗದಷ್ಟಿರುವ ಫ್ಯೂಸ್‌ಗಾಗಿ ಇಡೀ ಯಂತ್ರ ಗುಜರಿಗೆ ಹೋಗುವುದು ದುಃಖದ ಸಂಗತಿ.

ಟ್ಯೂಬ್ ತೆಗೆದು ಎಲ್‌ಇಡಿ ಪಟ್ಟಿ ಹಾಕುವುದು ಹವ್ಯಾಸಿಗಳ ಅಚ್ಚುಮೆಚ್ಚಿನ ಕೆಲಸ. ಪರದೆಯ ಅಗಲ ಸುಮಾರು 246 ಮಿಲಿಮೀಟರ್. ಪಟ್ಟಿ ಅದಕ್ಕೆ ಹೊಂದಬೇಕು. ಟ್ಯೂಬ್ ಕೂರುವ ದೋಣಿ ಲೋಹದ್ದು, ಹಾಗಾಗಿ ಪಟ್ಟಿಯ ಹಿಂದೆ ಶಾಖ ತಾಳುವ, ವಿದ್ಯುತ್ ಹರಿಯಗೊಡದ ಕ್ಯಾಪ್ಟಾನ್ (Kapton) ಟೇಪ್ ಅಂಟಿಸದಿದ್ದರೆ ಶಾರ್ಟ್ ಆಗುತ್ತದೆ. ಪಟ್ಟಿಯ ಜೊತೆ ಬರುವ ಸಣ್ಣ ಡ್ರೈವರ್ ಬೋರ್ಡಿಗೆ ಹಳೆಯ ಇನ್ವರ್ಟರ್‌ಗೆ ಬರುತ್ತಿದ್ದ ತಂತಿಗಳಿಂದಲೇ ನಾಲ್ಕು ಬೇಕು: ವಿದ್ಯುತ್, ಗ್ರೌಂಡ್, ಆನ್ ಮಾಡುವ ಸಂಕೇತ, ಪ್ರಖರತೆಯ ಸಂಕೇತ. ವಿದ್ಯುತ್ತನ್ನು ಫ್ಯೂಸ್ ದಾಟಿದ ಮೇಲಿನ ಜಾಗದಿಂದಲೇ ತೆಗೆಯಬೇಕು. ಪ್ರಖರತೆಯ ಸಂಕೇತ ಡ್ರೈವರ್‌ಗೆ ಹೊಂದದಿದ್ದರೆ ಬೆಳಕು ಮಿಣಮಿಣ ಎನ್ನುತ್ತದೆ, ಇಲ್ಲವೇ ಯಾವಾಗಲೂ ಒಂದೇ ಮಟ್ಟದಲ್ಲಿರುತ್ತದೆ. ಪರದೆ ಬಿಚ್ಚಿದಾಗ ಹಿಂದಿನ ತೆಳು ಹಾಳೆಗಳ ನಡುವೆ ಧೂಳು ಹೊಕ್ಕರೆ ಅದು ಕೊನೆಯವರೆಗೂ ಚುಕ್ಕೆಯಾಗಿ ಕಾಣುತ್ತದೆ. ಫ್ಯಾನ್ ಓಡುವ ಕೋಣೆ ಬೇಡ. ಬಚ್ಚಲುಮನೆಯಲ್ಲಿ ಬಿಸಿನೀರಿನ ಹಬೆ ಆಡಿ, ಧೂಳು ಕೂತು, ನೆಲ ಒಣಗಿದ ಮೇಲೆ ಅಲ್ಲಿಯೇ ಕೂತು ಮಾಡುವುದು ಒಳ್ಳೆಯದು. ಹಳೆಯ ಟ್ಯೂಬ್‌ನಲ್ಲಿ ಪಾದರಸವಿದೆ. ಮುರಿಯದೆ ಸುತ್ತಿಟ್ಟು ಇ-ತ್ಯಾಜ್ಯಕ್ಕೇ ಕೊಡಬೇಕು, ಮನೆ ಕಸಕ್ಕಲ್ಲ.

ಫ್ಯಾನಿನ ವಿಷಯ. ಆನ್ ಮಾಡಿದೊಡನೆ ‘ಫ್ಯಾನ್ ಎರರ್’ ಎಂದು ತೋರಿಸಿ ಆಫ್ ಆಗುವ ಯಂತ್ರವನ್ನು ಸತ್ತಿದೆ ಎಂದು ತಿಳಿಯುತ್ತಾರೆ. ಧೂಳು ತೆಗೆದು, ಫ್ಯಾನಿನ ಅಚ್ಚಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು ಬಿಟ್ಟರೆ ಅನೇಕ ಸಲ ತಿರುಗುತ್ತದೆ. ಕೊಬ್ಬರಿ ಎಣ್ಣೆ ಖಂಡಿತ ಬೇಡ. ಅದು 24 ಡಿಗ್ರಿ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಧನುರ್ಮಾಸದ ಮೈಸೂರಿನ ಬೆಳಗಿನಲ್ಲಿ ಫ್ಯಾನ್ ಮತ್ತೆ ಕಚ್ಚಿಕೊಳ್ಳುತ್ತದೆ. ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೊಸ ಪೇಸ್ಟ್ ಅಕ್ಕಿ ಕಾಳಿನಷ್ಟು ಸಾಕು. ಪಕ್ಕದ ಚಿಪ್ ಮೇಲೆ ರಬ್ಬರಿನಂಥ ಥರ್ಮಲ್ ಪ್ಯಾಡ್ ಇದ್ದರೆ ಅದರ ಜಾಗಕ್ಕೆ ಪೇಸ್ಟ್ ಹಾಕಬಾರದು. ಪ್ಯಾಡ್ ಇರುವುದು ಅಲ್ಲಿನ ಸಂದು ತುಂಬಲು. ಪೇಸ್ಟ್ ಆ ಸಂದನ್ನು ತುಂಬದು, ಚಿಪ್ ಬೇಯುತ್ತದೆ.

ಬ್ಯಾಟರಿಯ ಬಗ್ಗೆ ಎಚ್ಚರಿಕೆಯ ಮಾತೇ ಹೆಚ್ಚು. ಒಳಗಿರುವುದು ಸಾಮಾನ್ಯವಾಗಿ 18650 ಎಂಬ ಉರುಟು ಲಿಥಿಯಂ ಸೆಲ್‌ಗಳು. ನಾಲ್ಕು ಸೆಲ್‌ನದು, ಎಂಟು ಸೆಲ್‌ನದು ಎರಡೂ 14.4 ವೋಲ್ಟ್, ಎಂಟರದ್ದರಲ್ಲಿ ಸೆಲ್‌ಗಳು ಜೋಡಿ ಜೋಡಿಯಾಗಿವೆ ಅಷ್ಟೆ. ಸೆಲ್ ಬದಲಿಸಿ ಹಳೆಯ ಪ್ಯಾಕ್‌ಗೆ ಜೀವ ಕೊಡಬಹುದು ಎಂದು ಕೇಳಿ ಚಾಕು ಹಿಡಿದು ಕೂರುವವರಿದ್ದಾರೆ. ಸ್ಪಾಟ್ ವೆಲ್ಡಿಂಗ್ ಯಂತ್ರ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಬಾರದು. ಸೆಲ್‌ಗೆ ನೇರ ಬೆಸುಗೆ ಹಾಕಿದರೆ ಶಾಖ ಒಳಗಿನ ಪದರ ಕರಗಿಸಿ ಬೆಂಕಿಗೆ ದಾರಿಯಾಗುತ್ತದೆ. ವೆಲ್ಡ್ ಮಾಡಿದರೂ ಇನ್ನೊಂದು ತೊಡಕಿದೆ: ಪ್ಯಾಕ್‌ನ ಒಳಗಿನ ಬೋರ್ಡ್ ಸೆಲ್‌ಗಳ ಲೆಕ್ಕ ಇಟ್ಟಿರುತ್ತದೆ, ತಂತಿ ಕಳಚಿದಾಗ ಅದು ತನ್ನನ್ನು ತಾನೇ ಬೀಗ ಹಾಕಿಕೊಳ್ಳಬಹುದು. ಆಗ ಹೊಸ ಸೆಲ್ ಹಾಕಿಯೂ ಚಾರ್ಜ್ ಆಗುವುದಿಲ್ಲ. ಸೆಲ್ ಕೊಳ್ಳುವವರು ಮೈಮೇಲಿನ ಬರಹ ನಂಬಬೇಡಿ. ಒಳ್ಳೆಯ 18650 ಸೆಲ್‌ಗಳು ಸಾಮಾನ್ಯವಾಗಿ 2,600ರಿಂದ 3,500 ಎಂಎಎಚ್‌ನವು (ಸೆಲ್ ಹಿಡಿಯುವ ಚಾರ್ಜಿನ ಅಳತೆ). 9,900 ಎಂದು ಬರೆದಿದ್ದರೆ ಅದು ಸುಳ್ಳು. ತೂಕ ಹಾಕಿದರೆ ಗುಟ್ಟು ಹೊರಬರುತ್ತದೆ. ಅಸಲಿ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, ನಕಲಿ ಬಹಳ ಹಗುರ. ಅಶೋಕ ರಸ್ತೆಯ ಚಿನ್ನದಂಗಡಿಯ ತಕ್ಕಡಿಯೇ ಬೇಕಿಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬ್ಯಾಟರಿ ಇಲ್ಲದೆಯೂ ಯಂತ್ರ ಚಾರ್ಜರ್ ಮೇಲೆ ನಡೆಯುತ್ತದೆ ಎಂಬುದು ನೆನಪಿರಲಿ. ಚಾರ್ಜರ್ 20 ವೋಲ್ಟ್‌ನದು, 65 ಅಥವಾ 90 ವಾಟ್. 2012ರ ಎಕ್ಸ್230ವರೆಗಿನ ಥಿಂಕ್‌ಪ್ಯಾಡ್‌ಗಳ ದುಂಡು ಪಿನ್ನಿನದೇ ಇದಕ್ಕೂ ಆಗುತ್ತದೆ.

ತಾರೀಖು ತಪ್ಪಿ 0271 ಎಂಬ ದೋಷ ಬಂದರೆ ಹಳದಿ ಹೊದಿಕೆಯೊಳಗಿನ ಸಿಆರ್2032 ನಾಣ್ಯದ ಸೆಲ್ ಬರಿದಾಗಿದೆ ಎಂದರ್ಥ. ಪಟ್ಟಿ ಬೆಸೆದಿರುವ ಸೆಲ್ಲನ್ನೇ ತಂದು ತಂತಿ ಜೋಡಿಸಬೇಕು. ಹಾರ್ಡ್ ಡಿಸ್ಕ್ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಲ್ಲೇ ಕಡತ ಇಡುವ ಡಿಸ್ಕ್) ಹಾಕಿದರೆ ಯಂತ್ರಕ್ಕೆ ಪ್ರಾಯ ಬಂದಂತಾಗುತ್ತದೆ. ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7. ಉಳಿದ ಎರಡೂವರೆ ಮಿಲಿಮೀಟರ್‌ಗೆ ಒತ್ತು ಕೊಡದಿದ್ದರೆ ಕನೆಕ್ಟರ್ ಅಲುಗಾಡುತ್ತದೆ. ಡಿಸ್ಕಿನ ಎರಡು ಬದಿಯ ರಬ್ಬರ್ ಕವಚಗಳನ್ನು ಬಿಸಾಡಬೇಡಿ, ಈಗ ಸಿಗದ ವಸ್ತು ಅದು. ಬಯಾಸ್‌ನಲ್ಲಿ (ಆನ್ ಮಾಡಿದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಸಾಟಾ ಎಂಬ ಡಿಸ್ಕ್ ಜೋಡಣೆಯನ್ನು ಎಎಚ್‌ಸಿಐ ಎಂಬ ಆಯ್ಕೆಗೆ ಇಡಿ. ರ‍್ಯಾಮ್ ಡಿಡಿಆರ್2. ಎಕ್ಸ್60 ಚಿಪ್‌ಸೆಟ್‌ನ ಮಿತಿಯಿಂದ 3 ಜಿಬಿಗಿಂತ ಹೆಚ್ಚು ಕಾಣುವುದಿಲ್ಲ. ಎಕ್ಸ್61ಕ್ಕೆ ಕಂಪನಿ ಹೇಳಿದ್ದು 4, ನಡೆಯುವುದು 8. ನಾಲ್ಕೇ ಸಾಕು, 4 ಜಿಬಿಯ ಡಿಡಿಆರ್2 ಪಟ್ಟಿ ಅಪರೂಪ, ದುಬಾರಿ.

ಎಕ್ಸ್61ರ ಡಿಸ್ಕ್ ವೇಗವನ್ನು ಕಂಪನಿಯ ಬಯಾಸ್ ಸೆಕೆಂಡಿಗೆ 1.5 ಗಿಗಾಬಿಟ್‌ಗೆ ಕಟ್ಟಿಹಾಕಿದೆ. ಹವ್ಯಾಸಿಗಳು ‘ಮಿಡಲ್‌ಟನ್’ ಎಂದು ಕರೆಯುವ ಮಾರ್ಪಡಿಸಿದ ಬಯಾಸ್ ಅದನ್ನು 3ಕ್ಕೆ ಬಿಡಿಸುತ್ತದೆ. ಬೇರೆ ವೈಫೈ ಕಾರ್ಡ್ ಹಾಕಿದಾಗ 1802 ಎಂಬ ದೋಷ ತೋರಿಸಿ ನಿಂತುಬಿಡುವ ಕಾಟವನ್ನೂ ತೆಗೆಯುತ್ತದೆ. ಆದರೆ ಬಯಾಸ್ ಬರೆಯುವ ನಡುವೆ ಕರೆಂಟ್ ಹೋದರೆ ಬೋರ್ಡ್ ಕಲ್ಲಾಗುತ್ತದೆ. ಚಾರ್ಜ್ ಇರುವ ಬ್ಯಾಟರಿ ಮತ್ತು ಚಾರ್ಜರ್ ಎರಡೂ ಇಲ್ಲದೆ ಶುರು ಮಾಡಬೇಡಿ. ಎಕ್ಸ್60ಕ್ಕೆ ಕೋರ್‌ಬೂಟ್, ಲಿಬ್ರೆಬೂಟ್ ಎಂಬ ಮುಕ್ತ ಬಯಾಸ್‌ಗಳೂ ಇವೆ. ಹಾಗೆ ಬಯಾಸ್ ಬದಲಿಸಿದ ಎಕ್ಸ್60ಕ್ಕೆ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2013ರಲ್ಲಿ ಮಾನ್ಯತೆಯನ್ನೂ ಕೊಟ್ಟಿತು.

ಇಷ್ಟೆಲ್ಲ ಮಾಡಿ ಏನು ಪ್ರಯೋಜನ ಎಂದು ಕೇಳಬಹುದು. ವಿಂಡೋಸ್ 11 ಇದಕ್ಕೆ ಆಗದು. ಅದರ 24ಎಚ್2 ಆವೃತ್ತಿ ಕೇಳುವ ಎಸ್‌ಎಸ್‌ಇ 4.2 ಸೂಚನೆಗಳು ಈ ಪ್ರೊಸೆಸರ್‌ನಲ್ಲೇ ಇಲ್ಲ. ವಿಡಿಯೋ ಕರೆಗೂ ಆಗದು, ಕ್ಯಾಮೆರಾ ಇಲ್ಲ. ಆದರೆ 64 ಬಿಟ್‌ನವಕ್ಕೆ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 13 ಹಾಕಬಹುದು. 32 ಬಿಟ್‌ನವು ಡೆಬಿಯನ್ 12ರಲ್ಲೇ ನಿಲ್ಲಬೇಕು, 13ರಿಂದ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ‘ನುಡಿ’ ತಂತ್ರಾಂಶದ ಕೆಜಿಪಿ (ಕನ್ನಡ ಗಣಕ ಪರಿಷತ್) ಕೀಲಿ ವಿನ್ಯಾಸ, ಇನ್‌ಸ್ಕ್ರಿಪ್ಟ್ ಎರಡರಲ್ಲೂ ಕನ್ನಡ ಟೈಪಿಸಬಹುದು. ಕನ್ನಡ ಬರೆಯುವವರಿಗೆ ಈ ಪರದೆಯ ಆಕಾರವೇ ಒಂದು ಅನುಕೂಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಅಗಲವಾದ ಗಿಡ್ಡ ಪರದೆಗಿಂತ ಈ ಚೌಕ ಪರದೆ ಪುಟದಂತೆ ಕಾಣುತ್ತದೆ. ಕರಡು ತಿದ್ದುವವರು, ಪ್ರಬಂಧ ಬರೆಯುವವರು, ಲಿನಕ್ಸ್ ಕಲಿಯುವ ಮಕ್ಕಳು ಇದರಲ್ಲಿ ನೆಮ್ಮದಿಯಾಗಿ ಕೆಲಸ ಮಾಡಬಹುದು.

ಕೊಡುವವರು ಮಾಡಬೇಕಾದದ್ದು ಎರಡೇ, ಆದರೆ ಬಿಡುವಂತಿಲ್ಲ. ಮೊದಲನೆಯದು ಪಾಸ್‌ವರ್ಡ್. ಆನ್ ಮಾಡುವಾಗ ಎಫ್1 ಒತ್ತಿ ಬಯಾಸ್‌ಗೆ ಹೋಗಿ, ಸೆಕ್ಯುರಿಟಿ ವಿಭಾಗದಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇದ್ದರೆ ತೆಗೆದುಹಾಕಿ. ಥಿಂಕ್‌ಪ್ಯಾಡ್‌ಗಳಲ್ಲಿ ಇದು ಪ್ರತ್ಯೇಕ ಚಿಪ್‌ನಲ್ಲಿ ಕೂತಿರುತ್ತದೆ, ನಾಣ್ಯದ ಸೆಲ್ ಕಿತ್ತರೂ ಅಳಿಯುವುದಿಲ್ಲ. ಮರೆತವರಿಗೆ ಕಂಪನಿ ಹೇಳುವ ಪರಿಹಾರ ಮದರ್‌ಬೋರ್ಡ್ ಬದಲಾವಣೆಯೊಂದೇ. ಎರಡನೆಯದು ಡಿಸ್ಕ್. ಅಳಿಸುವ ಮುಂಚೆ ಒಳಗೆ ಏನಿದೆ ನೋಡಿ. ಆ ಕಾಲದ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳನ್ನು ಈಗಿನ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದು ಹಾಳಾದ ಕಡತವಲ್ಲ, ಯೂನಿಕೋಡ್‌ಗೆ ಮುಂಚಿನ ಫಾಂಟ್‌ನಲ್ಲಿ ಬರೆದ ಕನ್ನಡ. ಪರಿವರ್ತಕಗಳಿಂದ ಓದುವಂತೆ ಮಾಡಬಹುದು. ಅಜ್ಜನ ವಂಶಾವಳಿಯೋ, ಅಮ್ಮ ಬರೆದಿಟ್ಟ ಹಾಡುಗಳೋ ಅದರಲ್ಲಿರಬಹುದು. ನಕಲು ತೆಗೆದುಕೊಂಡ ಮೇಲೆ ಲಿನಕ್ಸ್ ಪೆನ್‌ಡ್ರೈವ್‌ನಿಂದ, ಎಫ್12 ಒತ್ತಿ ಬೂಟ್ ಮಾಡಿ, ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆ ಬರೆಯಿಸಿ. 80 ಜಿಬಿ ಡಿಸ್ಕ್‌ಗೆ ಅರ್ಧ ಗಂಟೆಯ ಮೇಲೆ ಹಿಡಿಯುತ್ತದೆ. ಬರೀ ಡಿಲೀಟ್ ಮಾಡಿದರೆ ಅಳಿಯುವುದಿಲ್ಲ.

ಇನ್ನು ಊರಿಗೆ ಸಂಬಂಧಿಸಿದ್ದು. ಕಸ ಬೇರ್ಪಡಿಸುವುದು ಮೈಸೂರಿಗೆ ಹೊಸದಲ್ಲ. ಕುಂಬಾರಕೊಪ್ಪಲಿನ ಘಟಕದಲ್ಲಿ ಒಣ ಕಸವನ್ನು ಕೈಯಿಂದಲೇ ಬಗೆಬಗೆಯಾಗಿ ವಿಂಗಡಿಸುವುದನ್ನು ಹೊರಗಿನವರೂ ಬಂದು ನೋಡಿ ಹೋಗಿದ್ದಾರೆ. ಅದೇ ವಿವೇಕ ಇ-ತ್ಯಾಜ್ಯಕ್ಕೂ ಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ದುರಸ್ತಿ ಮಾಡಿ ಮತ್ತೆ ಬಳಸುವವರಿಗೂ ಜಾಗ ಕೊಟ್ಟಿವೆ. ಬಡಾವಣೆಗಳಲ್ಲಿ, ಕಾಲೇಜುಗಳಲ್ಲಿ ಇ-ತ್ಯಾಜ್ಯ ಸಂಗ್ರಹಿಸುವ ಸಂಘಟಕರು ಒಂದು ಮೇಜನ್ನು ‘ಬಿಡಿಭಾಗ’ ಎಂದು ಬೇರೆ ಇಡಲಿ. ಈ ಪುಟ್ಟ ಯಂತ್ರಗಳನ್ನು ಅಲ್ಲಿಗೆ ಎತ್ತಿಡಲಿ. ಬ್ಯಾಟರಿ ಮಾತ್ರ ಬೇರೆಯಾಗಿ, ಅದರ ಲೋಹದ ತುದಿಗಳಿಗೆ ಟೇಪ್ ಸುತ್ತಿ, ಅಧಿಕೃತ ಮರುಬಳಕೆದಾರರಿಗೇ ಹೋಗಲಿ. ಮೈಸೂರು, ಮಂಡ್ಯದ ಪಾಲಿಟೆಕ್ನಿಕ್, ಐಟಿಐಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳು ಸೆಮಿಸ್ಟರ್‌ಗೆ ಒಂದು ಶನಿವಾರ ಆ ಮೇಜಿನ ಯಂತ್ರಗಳನ್ನು ವಿದ್ಯಾರ್ಥಿಗಳಿಗೆ ಕೊಡಲಿ. ಫ್ಯೂಸ್ ಅಳೆಯುವುದು, ಫ್ಯಾನ್ ಬಿಚ್ಚುವುದು, ಇನ್ವರ್ಟರ್ ಬದಲಿಸುವುದು ಇವೆಲ್ಲ ಹಾಳಾದರೂ ನಷ್ಟವಿಲ್ಲದ ಯಂತ್ರದ ಮೇಲೆ ಕಲಿಯಬೇಕಾದ ಕೈಕೆಲಸಗಳು. ಕಚೇರಿ, ಕಾಲೇಜುಗಳು ಹಳೆಯ ಲ್ಯಾಪ್‌ಟಾಪ್‌ಗಳನ್ನು ಕಿಲೋ ಲೆಕ್ಕದಲ್ಲಿ ಹರಾಜು ಹಾಕುವಾಗ ಡಿಸ್ಕ್ ಅಳಿಸಿ, ಪಾಸ್‌ವರ್ಡ್ ತೆಗೆದು, ಬಿಡಿಯಾಗಿ ಮಾರಲು ಅವಕಾಶ ಕೊಡಲಿ. ಇ-ತ್ಯಾಜ್ಯ ಸಂಗ್ರಹದ ಪ್ರಕಟಣೆ ಅಚ್ಚು ಹಾಕುವಾಗ ಈ ಬಗ್ಗೆ ಒಂದು ಸಾಲು ಸೇರಿಸಬೇಕೆಂದು ತಮ್ಮಲ್ಲೂ ವಿನಂತಿ.

ಕೊಡುವಾಗ ಯಂತ್ರವನ್ನು ಹಳೆಯ ಟವೆಲ್‌ನಲ್ಲಿ ಸುತ್ತಿ, ಮುಚ್ಚಳದ ಮೇಲೆ ಭಾರ ಬೀಳದಂತೆ ನಿಲ್ಲಿಸಿ ತನ್ನಿ. ಬಿಚ್ಚಿದ ಸ್ಕ್ರೂಗಳಿದ್ದರೆ ಸಣ್ಣ ಕವರಿನಲ್ಲಿ ಹಾಕಿ ತಳಕ್ಕೆ ಅಂಟಿಸಿ. ಚಾರ್ಜರ್ ಜೊತೆಗಿರಲಿ. ಏನು ಕೆಟ್ಟಿದೆ, ಕೊನೆಯ ಸಲ ಯಾವಾಗ ನಡೆಯುತ್ತಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ರಿಪೇರಿಗೆ ಕೂರುವವರಿಗೆ ಅರ್ಧ ದಿನ ಉಳಿಯುತ್ತದೆ.

ತಮ್ಮ ವಿಶ್ವಾಸಿ,
ಹಳೆಯ ಲ್ಯಾಪ್‌ಟಾಪ್ ದುರಸ್ತಿ ಆಸಕ್ತ
ಸರಸ್ವತಿಪುರಂ, ಮೈಸೂರು